ಯಾರೂ ಕೇಳದೇ ಹೋದ ಕಪ್ಪೆಯ ಸಾಕ್ಷಿ

ಮುಂಗಾರಿನ ಮೊದಲ ಜೋರು ಮಳೆ ಬಿದ್ದ ರಾತ್ರಿ ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಕಿಟಕಿ ತೆರೆದು ಕುಳಿತರೆ ಏನೇನು ಕೇಳಿಸುತ್ತದೆ? ಮೋರಿಯಲ್ಲಿ ಭೋರ್ಗರೆಯುವ ನೀರು, ಮಾಗಡಿ ರಸ್ತೆಯಲ್ಲಿ ಸಿಕ್ಕಿಬಿದ್ದ ಬಸ್ಸುಗಳ ಹಾರ್ನ್, ಎಲ್ಲೋ ದೂರದಲ್ಲಿ ಬೊಗಳುವ ನಾಯಿ. ಕಪ್ಪೆಯ ದನಿ ಮಾತ್ರ ಬಹುಪಾಲು ಬೀದಿಗಳಲ್ಲಿ ಇಲ್ಲ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಮಾರೇನಹಳ್ಳಿ, ಮೂಡಲಪಾಳ್ಯ ಎಂಬ ಹೆಸರುಗಳೇ ಹೇಳುವಂತೆ ಇವೆಲ್ಲ ಒಂದು ಕಾಲಕ್ಕೆ ಹೊಲ, ಗದ್ದೆ, ಕೆರೆ, ಕಟ್ಟೆಗಳಿದ್ದ ಊರುಗಳು. ಬಡಾವಣೆ ಆದ ಹೊಸತರಲ್ಲೇ ಮನೆ ಕಟ್ಟಿಕೊಂಡು ಬಂದ ಹಿರಿಯರನ್ನು ಕೇಳಿದರೆ, ಮಳೆ ನಿಂತ ಮೇಲೆ ಖಾಲಿ ಸೈಟುಗಳಲ್ಲಿ ನಿಂತ ನೀರಿನಿಂದ ಏಳುತ್ತಿದ್ದ ವಟವಟ ಸದ್ದಿಗೆ ನಿದ್ದೆಯೇ ಬರುತ್ತಿರಲಿಲ್ಲ ಎಂದು ನೆನೆಯುತ್ತಾರೆ.

ಅದೇ ಬೀದಿಗಳಲ್ಲಿ ಈಗ ಸಂಜೆ ಹೊತ್ತು ಇನ್ನೊಂದು ಸದ್ದು ಕೇಳುವುದುಂಟು. ಡೆಂಗಿ ಜ್ವರದ ಸುದ್ದಿ ಬಂದ ವಾರ ಪಾಲಿಕೆಯ ಕೆಲಸಗಾರರು ಹೆಗಲಿಗೆ ಯಂತ್ರ ಏರಿಸಿಕೊಂಡು ಬರುತ್ತಾರೆ. ಭರ್ರೆಂದು ಬಿಳಿ ಹೊಗೆ ಚರಂಡಿಯ ಮೇಲೆ ಹಾಯುತ್ತದೆ. ಮಕ್ಕಳು ಹೊಗೆಯ ಹಿಂದೆ ಓಡುತ್ತವೆ. ಮನೆಯವರು ‘ಸೊಳ್ಳೆ ಔಷಧಿ ಹೊಡೆಯೋರು ಬಂದರು’ ಎನ್ನುತ್ತಾರೆ.

ಈ ‘ಔಷಧಿ’ ಎಂಬ ಮಾತನ್ನು ಗಮನಿಸಿ. ಇಲಿಗೆ ಇಡುವುದನ್ನು ನಾವು ಪಾಷಾಣ ಎಂದೇ ಕರೆಯುತ್ತೇವೆ. ಆದರೆ ಬೆಳೆಗೆ, ಸೊಳ್ಳೆಗೆ, ಗೆದ್ದಲಿಗೆ ಹೊಡೆಯುವುದು ನಮಗೆ ಔಷಧಿ, ಕರಾವಳಿಯವರಿಗೆ ಮದ್ದು. ಕಳೆದ ಎಪ್ಪತ್ತೈದು ವರ್ಷಗಳಲ್ಲಿ ಈ ಔಷಧಿ ನಮ್ಮ ನೆಲಕ್ಕೆ ಹೇಗೆ ಬಂತು, ಅದು ಕಪ್ಪೆಯ ಮೈಗೆ ಹೇಗೆ ಇಳಿಯಿತು, ಕಪ್ಪೆಗಾದದ್ದು ಕೊನೆಗೆ ಮನುಷ್ಯನ ಬಾಗಿಲಿಗೂ ಹೇಗೆ ಬಂದು ನಿಂತಿತು ಎಂಬುದು ತಿಳಿದಿರಬೇಕಾದ ಚರಿತ್ರೆ. ಅದರ ಅತ್ಯಂತ ನೋವಿನ ಅಧ್ಯಾಯ ನಡೆದದ್ದು ಕನ್ನಡ ಮಾತನಾಡುವ ಊರುಗಳಲ್ಲೇ.

ಚರ್ಮವೇ ಬಾಯಿ, ಚರ್ಮವೇ ಮೂಗು

ಮೊದಲು ಕಪ್ಪೆಯ ವಿಚಾರ. ಕಪ್ಪೆಗೆ ಶ್ವಾಸಕೋಶ ಇದ್ದರೂ ಅದು ಚರ್ಮದಿಂದಲೂ ಉಸಿರಾಡುತ್ತದೆ. ನೀರನ್ನು ಬಾಯಿಯಿಂದ ಕುಡಿಯುವುದಿಲ್ಲ, ಮೈಯಿಂದ ಹೀರಿಕೊಳ್ಳುತ್ತದೆ. ಹಾವು, ಹಲ್ಲಿಗಳಿಗಿರುವ ಹುರುಪೆಯ ರಕ್ಷಣೆ ಇದಕ್ಕಿಲ್ಲ. ಹಕ್ಕಿಗಿರುವ ಗರಿ, ನಮಗಿರುವ ದಪ್ಪ ಚರ್ಮವೂ ಇಲ್ಲ. ನೀರಿನಲ್ಲಿ ಕರಗಿದ್ದು, ಕೆಸರಿನಲ್ಲಿ ಬೆರೆತದ್ದು ಅದರ ತೆಳ್ಳನೆಯ ತೇವದ ಚರ್ಮದ ಮೂಲಕ ಸುಲಭವಾಗಿ ಒಳಗೆ ಹೋಗುತ್ತದೆ.

ಮೊಟ್ಟೆಯ ಸ್ಥಿತಿ ಇನ್ನೂ ನಾಜೂಕು. ಕೋಳಿಮೊಟ್ಟೆಯಂತೆ ಅದಕ್ಕೆ ಚಿಪ್ಪಿಲ್ಲ, ಲೋಳೆಯೊಂದೇ ಹೊದಿಕೆ. ಅದರಿಂದ ಹೊರಬರುವ ಗೊದಮೊಟ್ಟೆ ಮರಿ ವಾರಗಟ್ಟಲೆ ನೀರಿನಲ್ಲೇ ಇದ್ದು ಪಾಚಿ ತಿನ್ನುತ್ತದೆ. ಆಮೇಲೆ ಬಾಲ ಕರಗಿ, ಕಾಲು ಮೂಡಿ, ಕಿವಿರು ಹೋಗಿ ನೆಲಕ್ಕೆ ಹತ್ತುತ್ತದೆ. ಈ ರೂಪಾಂತರವನ್ನು ನಡೆಸುವುದು ಥೈರಾಯ್ಡ್ ಗ್ರಂಥಿಯ ಹಾರ್ಮೋನು. ಅದರಲ್ಲಿ ಸ್ವಲ್ಪ ಏರುಪೇರಾದರೂ ಮರಿ ಕಪ್ಪೆಯಾಗುವುದು ತಡವಾಗುತ್ತದೆ ಅಥವಾ ತಪ್ಪಿಯೇ ಹೋಗುತ್ತದೆ.

ಕಾಲದ ಲೆಕ್ಕವೂ ಕಪ್ಪೆಯ ಪಾಲಿಗೆ ಒಳ್ಳೆಯದಲ್ಲ. ಮುಂಗಾರು ಬಂದು ಗದ್ದೆಗೆ ನೀರು ನಿಂತಾಗ ಕಪ್ಪೆ ಮೊಟ್ಟೆ ಇಡುತ್ತದೆ. ಅದೇ ಗದ್ದೆಯಲ್ಲಿ ನಾಟಿ ಮುಗಿದ ಕೆಲವೇ ವಾರಗಳಲ್ಲಿ ಕೀಟನಾಶಕದ ಸಿಂಪಡಣೆಯೂ ಶುರುವಾಗುತ್ತದೆ. ಕಪ್ಪೆಯ ಬಾಣಂತನ, ರೈತನ ಪಂಪು ಎರಡೂ ಒಂದೇ ಪಂಚಾಂಗ ಹಿಡಿದು ನಡೆಯುತ್ತವೆ.

ಶೃಂಗೇರಿಗೆ ಹೋದವರು ತುಂಗೆಯ ದಡದಲ್ಲಿ ಕಪ್ಪೆ ಶಂಕರನ ಗುಡಿಯನ್ನು ನೋಡಿರುತ್ತಾರೆ. ಪ್ರಸವ ವೇದನೆಯಲ್ಲಿದ್ದ ಕಪ್ಪೆಗೆ ಸುಡುಬಿಸಿಲಿನಲ್ಲಿ ಹಾವೊಂದು ಹೆಡೆಯೆತ್ತಿ ನೆರಳು ಕೊಟ್ಟಿತಂತೆ. ಅದನ್ನು ಕಂಡ ಶಂಕರಾಚಾರ್ಯರು ಆ ಜಾಗವನ್ನೇ ಪೀಠಕ್ಕೆ ಆರಿಸಿಕೊಂಡರಂತೆ. ಮಳೆ ಕೈಕೊಟ್ಟರೆ ಕಪ್ಪೆಗಳಿಗೆ ಮದುವೆ ಮಾಡಿಸುವ ರೂಢಿ ನಮ್ಮಲ್ಲಿ ಇಂದಿಗೂ ಇದೆ. 2019ರ ಜೂನ್‌ನಲ್ಲಿ ಉಡುಪಿಯಲ್ಲಿ ಅಂಥ ಮದುವೆ ಸಾಂಗವಾಗಿ ನಡೆಯಿತು. ಕಪ್ಪೆ ಕೂಗಿದರೆ ಮಳೆ ಬರುತ್ತದೆ ಎಂದು ನಂಬುವ ಜನ ನಾವು. ಆದರೆ ಕಪ್ಪೆ ಕೂಗದಿದ್ದರೆ ಏನರ್ಥ ಎಂದು ಯೋಚಿಸಿದ್ದು ಕಡಿಮೆ.

ಡಿಡಿಟಿ ಬಂದ ದಾರಿ

ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ 1939ರಲ್ಲಿ ಡಿಡಿಟಿಗೆ ಕೀಟ ಕೊಲ್ಲುವ ಶಕ್ತಿ ಇರುವುದನ್ನು ಕಂಡುಹಿಡಿದರು. 1948ರಲ್ಲಿ ಅವರಿಗೆ ನೊಬೆಲ್ ಬಂತು. ಆ ಹೊತ್ತಿಗಾಗಲೇ ಡಿಡಿಟಿ ಕನ್ನಡ ನಾಡಿಗೆ ಕಾಲಿಟ್ಟಾಗಿತ್ತು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ 1946ರಿಂದ ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮನೆಮನೆಯ ಗೋಡೆಗೆ ಡಿಡಿಟಿ ಸಿಂಪಡಿಸುವ ಕಾರ್ಯಕ್ರಮ ನಡೆಯಿತು. ಮಲೆನಾಡಿನ ಅಂಚಿನಲ್ಲಿ ಊರಿಗೆ ಊರನ್ನೇ ಖಾಲಿ ಮಾಡಿಸುತ್ತಿದ್ದ ಚಳಿಜ್ವರ ಅಲ್ಲಿ ಬಗ್ಗಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು.

ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸ್ವಾತಂತ್ರ್ಯ ಬಂದ ಕಾಲಕ್ಕೆ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂಬುದು ಸರ್ಕಾರದ ಅಂದಾಜು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಒಂದು ಲಕ್ಷದ ಸುಮಾರಿಗೆ ಇಳಿದಿತ್ತು. ಗೋಡೆಗೆ ಬಿದ್ದ ಡಿಡಿಟಿ ಎಷ್ಟೋ ತಾಯಂದಿರ ಮಡಿಲು ಉಳಿಸಿತು. ‘ಔಷಧಿ’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ತೊಂದರೆ ಶುರುವಾದದ್ದು ಗೋಡೆಯಿಂದ ಗದ್ದೆಗೆ ಇಳಿದಾಗ. 1960ರ ದಶಕದ ನಡುವಿನಿಂದ ಹಸಿರು ಕ್ರಾಂತಿಯ ಗಿಡ್ಡ ತಳಿಗಳು ಬಂದವು. ಅವುಗಳ ಜೊತೆಗೆ ರಸಗೊಬ್ಬರವೂ ಕೀಟನಾಶಕವೂ ಬಂದವು. ಡಿಡಿಟಿ, ಬಿಎಚ್‌ಸಿ, ಎಂಡ್ರಿನ್, ಪ್ಯಾರಾಥಿಯಾನ್ ಎಂಬ ಹೆಸರುಗಳು ಹಳ್ಳಿಯ ಅಂಗಡಿಗಳಿಗೂ ಪರಿಚಿತವಾದವು. ಅಮೆರಿಕದ ರೇಚಲ್ ಕಾರ್ಸನ್ 1962ರಲ್ಲೇ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ ಈ ವಿಷಗಳು ಮಣ್ಣು, ನೀರು, ಹಕ್ಕಿಗಳ ಮೈಯಲ್ಲಿ ಉಳಿದುಕೊಳ್ಳುವುದನ್ನು ವಿವರಿಸಿದ್ದರು. ನಮ್ಮಲ್ಲಿ ಕೀಟನಾಶಕ ಕಾಯ್ದೆ ಬಂದದ್ದು 1968ರಲ್ಲಿ, ಜಾರಿಯಾದದ್ದು 1971ರಲ್ಲಿ. ಕೃಷಿಗೆ ಡಿಡಿಟಿ ಬಳಸುವುದು ನಿಂತದ್ದು 1989ರಲ್ಲಿ.

ಹಂದಿಗೋಡಿನ ಏಡಿ, ಕೊಚ್ಚಿಯ ಕಪ್ಪೆಕಾಲು

ಗದ್ದೆಯ ನೀರಿನ ಬಗ್ಗೆ ಕರ್ನಾಟಕಕ್ಕೆ ಮೊದಲ ದೊಡ್ಡ ಅನುಮಾನ ಬಂದದ್ದು 1975ರಲ್ಲಿ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬಡ ಕೃಷಿ ಕಾರ್ಮಿಕರ ಕುಟುಂಬಗಳನ್ನು ಕೀಲುನೋವಿನ ವಿಚಿತ್ರ ಕಾಯಿಲೆ ಹಿಡಿಯಿತು. ಸೊಂಟ, ಮೊಣಕಾಲು ಸೆಟೆದು ಕೆಲವರು ತೆವಳುವ ಸ್ಥಿತಿಗೆ ಬಂದರು. ಗದ್ದೆಯಲ್ಲಿ ಹಿಡಿದು ತಿನ್ನುತ್ತಿದ್ದ ಏಡಿ, ಮೀನುಗಳಲ್ಲಿ ಕೀಟನಾಶಕ ಸೇರಿಕೊಂಡಿದೆ, ಅದೇ ಕಾರಣ ಎಂಬ ಶಂಕೆ ಬಲವಾಗಿ ಹಬ್ಬಿತು. ಮುಂದೆ ವರ್ಷಗಟ್ಟಲೆ ನಡೆದ ಸಂಶೋಧನೆ ಇದು ವಂಶಪಾರಂಪರ್ಯವಾಗಿ ಬರುವ ಮೂಳೆಯ ಕಾಯಿಲೆ ಎಂಬ ಕಡೆಗೆ ವಾಲಿತು.

ಹಂದಿಗೋಡು ಎರಡು ಪಾಠ ಹೇಳುತ್ತದೆ. ಒಂದು, ಕೈಗೆ ಸಿಕ್ಕ ಮೊದಲ ಆರೋಪಿಯೇ ಅಪರಾಧಿ ಆಗಬೇಕಿಲ್ಲ. ಎರಡು, ಗದ್ದೆಯ ನೀರಿನಲ್ಲಿ ಬದುಕುವ ಜೀವಿಯ ಮೈಯಲ್ಲಿ ಏನಿದೆ ಎಂದು ನೋಡುವ ಯೋಚನೆ ನಮಗೆ ಬರುವುದು ಮನುಷ್ಯ ನರಳಿದ ಮೇಲೆಯೇ.

ಇದೇ ಕಾಲಕ್ಕೆ ಕಪ್ಪೆಯದೇ ಇನ್ನೊಂದು ವ್ಯಾಪಾರ ಜೋರಾಗಿ ನಡೆದಿತ್ತು. ಯುರೋಪು, ಅಮೆರಿಕಗಳ ಹೋಟೆಲುಗಳಿಗೆ ಭಾರತದಿಂದ ಕಪ್ಪೆಯ ಹಿಂಗಾಲುಗಳು ಹಡಗೇರುತ್ತಿದ್ದವು. 1981ರಲ್ಲಿ ರಫ್ತಾದದ್ದು ನಾಲ್ಕು ಸಾವಿರ ಟನ್ನಿಗೂ ಹೆಚ್ಚು. ಕಾಲಿನ ತೂಕವೇ ಅಷ್ಟಾದರೆ ಕಪ್ಪೆಗಳ ಸಂಖ್ಯೆ ಎಷ್ಟು ಕೋಟಿ ಎಂದು ನೀವೇ ಊಹಿಸಿ. ಹಿಡಿಯುತ್ತಿದ್ದುದು ಮುಖ್ಯವಾಗಿ ಗದ್ದೆಯ ದೊಡ್ಡ ಗೋಂಕುರು ಕಪ್ಪೆಗಳನ್ನು. ಗದ್ದೆಯ ಹುಳುಗಳನ್ನು ತಿನ್ನುವ ಕಪ್ಪೆಯನ್ನು ಹೊರದೇಶಕ್ಕೆ ಮಾರಿ, ಆ ಹುಳುಗಳನ್ನು ಕೊಲ್ಲಲು ಹೊರದೇಶದಿಂದ ವಿಷ ತರಿಸುವುದು ಯಾವ ಲೆಕ್ಕ ಎಂದು ಪರಿಸರದವರು ಕೇಳತೊಡಗಿದರು. 1985ರಲ್ಲಿ ಈ ಕಪ್ಪೆಗಳು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿ ಸೇರಿದವು. 1987ರ ಏಪ್ರಿಲ್‌ನಿಂದ ಭಾರತ ರಫ್ತನ್ನು ನಿಲ್ಲಿಸಿತು. ಕಪ್ಪೆ ರೈತನ ಮಿತ್ರ ಎಂಬ ಮಾತು ಪಠ್ಯಪುಸ್ತಕದಿಂದ ಸರ್ಕಾರದ ಕಡತಕ್ಕೆ ಬಂದದ್ದು ಆಗ. ಆದರೆ ಹಿಡಿಯುವ ಕೈ ನಿಂತಿತೇ ಹೊರತು ಸಿಂಪಡಿಸುವ ಕೈ ನಿಲ್ಲಲಿಲ್ಲ.

ಸ್ವರ್ಗದ ಮೇಲೆ ಹೆಲಿಕಾಪ್ಟರ್

ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅದರ ಉತ್ತರ ಭಾಗದ ಎಣ್ಮಕಜೆ ಪಂಚಾಯಿತಿಯಲ್ಲಿ ಪಡ್ರೆ ಎಂಬ ಗ್ರಾಮ ಇದೆ. ಸ್ವರ್ಗ, ವಾಣಿನಗರ ಅಲ್ಲಿನ ಊರುಗಳು. ಮನೆಮಾತು ಕನ್ನಡ, ತುಳು, ಮಲಯಾಳ, ಮರಾಠಿ ಹೀಗೆ ಹಲವು, ಶಾಲೆಯಲ್ಲಿ ಕನ್ನಡ. ಗುಡ್ಡದ ಮೇಲೆ ಗೇರು ತೋಟ, ಇಳಿಜಾರಿನಲ್ಲಿ ಮನೆ, ಕಣಿವೆಯಲ್ಲಿ ಅಡಿಕೆ ತೋಟ, ನಡುವೆ ಹರಿಯುವ ತೋಡು. ಕುಡಿಯುವ ನೀರಿಗೆ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗಗಳು. ಮೇಲೆ ಬಿದ್ದ ಮಳೆ ಗುಡ್ಡದೊಳಗೆ ಇಂಗಿ ಸುರಂಗದಲ್ಲಿ ಜಿನುಗುತ್ತದೆ. ಹೀಗಾಗಿ ಗುಡ್ಡದ ತಲೆಗೆ ಏನು ಬಿದ್ದರೂ ಅದು ಬಿಂದಿಗೆಗೆ ಬರುತ್ತದೆ.

ಗುಡ್ಡದ ಗೇರು ತೋಟ ಕೇರಳ ಸರ್ಕಾರದ ತೋಟ ನಿಗಮದ್ದು. ಜಿಲ್ಲೆಯಲ್ಲಿ ಅದರ ಗೇರು ತೋಟಗಳ ಹರವು ಸುಮಾರು 4,600 ಹೆಕ್ಟೇರು. ಗೇರಿನ ಚಿಗುರು, ಹೂವುಗಳ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯ ಭಾಗದಿಂದ 2000ದವರೆಗೆ ನಿಗಮ ವರ್ಷಕ್ಕೆ ಎರಡು ಮೂರು ಸಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಇದು ಡಿಡಿಟಿಯ ಬಳಗಕ್ಕೇ ಸೇರಿದ, ಕ್ಲೋರಿನ್ ಇರುವ ವಿಷ. ಕೀಟದ ನರಮಂಡಲವನ್ನು ಹಿಡಿದು ಸೆಟೆಸಿ ಕೊಲ್ಲುತ್ತದೆ. ಮೀನಿಗೆ ಮಹಾ ಮಾರಕ ಎಂಬುದು ಮೊದಲಿನಿಂದಲೂ ಗೊತ್ತಿದ್ದ ಸಂಗತಿ. ಸಿಂಪಡಿಸುವಾಗ ನೀರಿನ ಮೂಲಗಳನ್ನು ಮುಚ್ಚಬೇಕು, ಬೆಳೆಯ ತಲೆಗೆ ತೀರಾ ಸಮೀಪದಲ್ಲಿ ಹಾರಬೇಕು ಎಂದೆಲ್ಲ ನಿಯಮ ಇತ್ತು. ಏರುತಗ್ಗಿನ ಆ ಗುಡ್ಡಗಳಲ್ಲಿ ಹೆಲಿಕಾಪ್ಟರ್ ಅಷ್ಟು ಕೆಳಗೆ ಹಾರುವುದೆಲ್ಲಿ? ಗುಡ್ಡದ ಹೊಟ್ಟೆಯಲ್ಲಿ ಹರಿಯುವ ನೀರನ್ನು, ತೋಡನ್ನು ಮುಚ್ಚುವುದೆಲ್ಲಿ?

ಊರವರು ಮೊದಲು ಕಂಡದ್ದು ಮನುಷ್ಯರ ಕಾಯಿಲೆಯನ್ನಲ್ಲ. ಜೇನು ಪೆಟ್ಟಿಗೆಗಳು ಖಾಲಿಯಾದವು. ತೋಡಿನಲ್ಲಿ ಮೀನು, ಕಪ್ಪೆ ಸತ್ತು ತೇಲಿದ್ದನ್ನು ಜನ ನೋಡಿದರು. ಕಾಗೆ ಕಡಿಮೆಯಾಯಿತು. ಸಿಂಪಡಣೆ ಶುರುವಾದ ಕೆಲವೇ ವರ್ಷಗಳಲ್ಲಿ ಹಟ್ಟಿಯಲ್ಲಿ ಕಾಲು ಸೊಟ್ಟಗಿರುವ ಕರುಗಳು ಹುಟ್ಟಿದವು. ಅದೇ ಊರಿನವರಾದ ಕೃಷಿ ಪತ್ರಕರ್ತ ಶ್ರೀ ಪಡ್ರೆ ಇದನ್ನು ಗಮನಿಸಿ ಆಗಲೇ ಪತ್ರಿಕೆಗೆ ಬರೆದರು. ಬರಹ ಅಚ್ಚಾಯಿತು, ಹೆಲಿಕಾಪ್ಟರ್ ನಿಲ್ಲಲಿಲ್ಲ.

ಮುಂದಿನ ಸರದಿ ಮಕ್ಕಳದ್ದು. ವಾಣಿನಗರದಲ್ಲಿ ದವಾಖಾನೆ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರಿಗೆ ತಮ್ಮಲ್ಲಿಗೆ ಬರುವ ರೋಗಿಗಳ ಪಟ್ಟಿಯೇ ದಿಗಿಲು ಹುಟ್ಟಿಸಿತು. ಸಣ್ಣ ಊರಿಗೆ ಹೋಲಿಸಿದರೆ ಬುದ್ಧಿಮಾಂದ್ಯತೆ, ಅಪಸ್ಮಾರ, ಹುಟ್ಟಿನಿಂದ ಬಂದ ಅಂಗವೈಕಲ್ಯ, ಕ್ಯಾನ್ಸರು ತೀರಾ ಹೆಚ್ಚಾಗಿದ್ದವು. 1990ರ ದಶಕದಲ್ಲಿ ಅವರು ಇದನ್ನು ವೈದ್ಯರ ಪತ್ರಿಕೆಗೆ ಬರೆದು ತಜ್ಞರ ಗಮನ ಸೆಳೆದರು. ಜಿಲ್ಲೆಯ ದಕ್ಷಿಣದ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ವಿಮಾನ ಸಿಂಪಡಣೆಗೆ ತಡೆ ತಂದರು. 2000ದ ಡಿಸೆಂಬರ್ ನಂತರ ಹೆಲಿಕಾಪ್ಟರ್ ಮತ್ತೆ ಬರಲಿಲ್ಲ.

ಗಡಿಯ ಈಚೆಗೂ ಕಥೆ ಬೇರೆ ಇರಲಿಲ್ಲ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಸುತ್ತ ನಮ್ಮದೇ ರಾಜ್ಯದ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೂ ಅದೇ ದಶಕಗಳಲ್ಲಿ ಅದೇ ವಿಷ ಆಕಾಶದಿಂದ ಸುರಿಯಿತು. ಅಲ್ಲಿನ ಮನೆಗಳಲ್ಲೂ ಹಾಸಿಗೆ ಬಿಟ್ಟೇಳದ ಮಕ್ಕಳು ಬೆಳೆದರು. ಅವರನ್ನು ಬಿಟ್ಟು ಕೂಲಿಗೆ ಹೋಗಲಾರದ ತಾಯಂದಿರು ಮನೆಯಲ್ಲೇ ಮುದುಕಿಯರಾದರು.

ಸಮಿತಿಗಳ ಮೇಲೆ ಸಮಿತಿ

ಸಿಂಪಡಣೆ ನಿಂತ ಮೇಲೆ ಶುರುವಾದದ್ದು ಪುರಾವೆಯ ಜಗಳ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2001ರಲ್ಲಿ ಪಡ್ರೆಯ ನೀರು, ಮಣ್ಣು, ಆಹಾರ, ಮನುಷ್ಯರ ರಕ್ತ, ಎದೆಹಾಲನ್ನು ಪರೀಕ್ಷಿಸಿ ಎಂಡೋಸಲ್ಫಾನ್ ಸಿಕ್ಕಿತೆಂದು ಹೇಳಿತು. ನಿಗಮ ತಾನೇ ವಹಿಸಿ ಮಾಡಿಸಿದ ಇನ್ನೊಂದು ಸಂಸ್ಥೆಯ ವರದಿ ಹಾಗೇನೂ ಇಲ್ಲವೆಂದಿತು. ಕೇಂದ್ರ ಸರ್ಕಾರ ಒಂದಾದ ಮೇಲೊಂದು ಸಮಿತಿ ನೇಮಿಸಿತು. ಕಾಯಿಲೆಗೂ ಕೀಟನಾಶಕಕ್ಕೂ ಸಂಬಂಧ ಇದೆ ಎನ್ನಲು ಪುರಾವೆ ಸಾಲದು ಎಂಬ ಮಾತು ಅಲ್ಲಿಂದ ಬಂತು. ನಮ್ಮಲ್ಲಿ ಕಪ್ಪೆ ತೂಗಿದ ಹಾಗೆ ಎನ್ನುತ್ತಾರಲ್ಲ, ಒಂದನ್ನು ತಕ್ಕಡಿಗೆ ಹಾಕುವಷ್ಟರಲ್ಲಿ ಇನ್ನೊಂದು ಹಾರಿ ಹೋಗುತ್ತದೆ ಎಂದು? ಪಡ್ರೆಯ ಪುರಾವೆ ತೂಗಿದ್ದೂ ಹಾಗೆಯೇ ಆಯಿತು.

ಈ ನಡುವೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಒಂದು ಮುಖ್ಯ ಕೆಲಸ ಮಾಡಿತು. ಪಡ್ರೆಯ ಕಡೆಯ 117 ಹುಡುಗರನ್ನು, ಸಿಂಪಡಣೆ ಇಲ್ಲದ ಊರಿನ 90 ಹುಡುಗರೊಂದಿಗೆ ಹೋಲಿಸಿತು. 2003ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಎಂಡೋಸಲ್ಫಾನ್ ಸೋಂಕಿದ ಹುಡುಗರು ಪ್ರೌಢಾವಸ್ಥೆಗೆ ಬರುವುದು ತಡವಾಗಿತ್ತು. ಲೈಂಗಿಕ ಹಾರ್ಮೋನುಗಳ ಉತ್ಪಾದನೆಯಲ್ಲಿ ವಿಷ ಕೈ ಹಾಕಿರಬಹುದು ಎಂದು ತಂಡ ಹೇಳಿತು.

ಓದುಗರು ಇಲ್ಲಿ ಒಂದು ಕ್ಷಣ ಹಿಂದಿರುಗಿ ಗೊದಮೊಟ್ಟೆಯನ್ನು ನೆನೆಯಬೇಕು. ಅದು ಕಪ್ಪೆಯಾಗುವುದೂ ಹಾರ್ಮೋನಿನ ಅಪ್ಪಣೆಯಿಂದಲೇ. ಹಾರ್ಮೋನುಗಳ ಏರ್ಪಾಡು ಬೆನ್ನೆಲುಬಿರುವ ಪ್ರಾಣಿಗಳಿಗೆಲ್ಲ ಹೆಚ್ಚುಕಡಿಮೆ ಒಂದೇ. ನಾವು ಹದಿಹರೆಯ ದಾಟಲು ಹತ್ತಾರು ವರ್ಷ ತೆಗೆದುಕೊಂಡರೆ ಕಪ್ಪೆಯ ಮರಿ ಕೆಲವು ವಾರಗಳಲ್ಲಿ ರೂಪಾಂತರ ಮುಗಿಸುತ್ತದೆ. ಅಂದರೆ ನೀರಿನಲ್ಲಿ ತೊಂದರೆ ಇದ್ದರೆ ಅದು ಹುಡುಗನ ಮೈಯಲ್ಲಿ ಕಾಣಿಸುವುದಕ್ಕೆ ಬಹಳ ಮೊದಲೇ ತೋಡಿನಲ್ಲಿ ಕಾಣಿಸುತ್ತದೆ, ನೋಡುವವರಿದ್ದರೆ. ಕಾಸರಗೋಡಿನ ವಾದವಿವಾದವೆಲ್ಲ ಮನುಷ್ಯನ ರಕ್ತ, ಹಾಲುಗಳ ಸುತ್ತ ನಡೆಯಿತು. ತೋಡಿನಲ್ಲಿ ಸತ್ತ ಕಪ್ಪೆ ಬದಿಯ ಮಾತಾಗಿಯೇ ಉಳಿಯಿತು. ನಮ್ಮ ಹಳ್ಳಿಗಳಲ್ಲಿ ಕಪ್ಪೆಗಳನ್ನು ಎಣಿಸಿಡುವ ರೂಢಿ ಇಲ್ಲ. ಎಷ್ಟಿದ್ದವು ಎಂಬ ಲೆಕ್ಕವಿಲ್ಲದಿದ್ದರೆ ಎಷ್ಟು ಹೋದವು ಎಂಬುದನ್ನು ಯಾವ ಸಮಿತಿಯ ಮುಂದೆಯೂ ಸಾಬೀತು ಮಾಡಲಾಗುವುದಿಲ್ಲ.

ಕೊನೆಗೆ ಕರ್ನಾಟಕ 2011ರ ಫೆಬ್ರುವರಿಯಲ್ಲಿ ಎಂಡೋಸಲ್ಫಾನ್ ನಿಷೇಧಿಸಿತು. ಅದೇ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಇದನ್ನು ಜಗತ್ತಿನಿಂದಲೇ ಹೊರಹಾಕಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಇದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಹೇಳಿತು. ಮೊದಲ ಸೊಟ್ಟಗಾಲಿನ ಕರುವಿನಿಂದ ಅಲ್ಲಿಗೆ ಹೆಚ್ಚುಕಡಿಮೆ ನಾಲ್ಕು ದಶಕ.

ಶಂಕರಘಟ್ಟದಿಂದ ಕ್ಯಾಲಿಫೋರ್ನಿಯಾದವರೆಗೆ

ಕಪ್ಪೆಯ ಸಾಕ್ಷಿಯನ್ನು ಕೇಳಿಸಿಕೊಂಡವರು ಇಲ್ಲವೆಂದಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಎಸ್.ವಿ. ಕೃಷ್ಣಮೂರ್ತಿ, ಎಚ್.ಪಿ. ಗುರುಶಂಕರ ಮತ್ತು ಅವರ ಜೊತೆಗಾರರು ಮಲೆನಾಡಿನ ಕೃಷಿ ಭೂಮಿಗಳಲ್ಲಿ ಕಪ್ಪೆಗಳನ್ನು ಹುಡುಕಿ ಪರಿಶೀಲಿಸಿದರು. ಅಂಗ ಊನವಾದ ಕಪ್ಪೆಗಳು ಸಿಕ್ಕಿದ್ದನ್ನು 2007ರಲ್ಲಿ ವರದಿ ಮಾಡಿದರು. ಅದೇ ತಂಡ ನಮ್ಮ ಗದ್ದೆಗಳ ಸಾಮಾನ್ಯ ಸಣ್ಣ ಕಪ್ಪೆಯ ಗೊದಮೊಟ್ಟೆಗಳನ್ನು ಮಲಾಥಿಯಾನ್ ಬೆರೆಸಿದ ನೀರಿನಲ್ಲಿ ಸಾಕಿ ನೋಡಿತು. ವಿಷ ಹೆಚ್ಚಿದಂತೆ ಮರಿಗಳು ತಿನ್ನುವುದು ಕಡಿಮೆಯಾಯಿತು, ಬೆಳವಣಿಗೆ ಕುಂಠಿತವಾಯಿತು, ಬದುಕಿ ಉಳಿದದ್ದೂ ಕಡಿಮೆ. ಮಲಾಥಿಯಾನ್ ಗದ್ದೆಗೆ ಮಾತ್ರವಲ್ಲ, ನಮ್ಮ ದೇಶದ ನಗರಗಳಲ್ಲಿ ಸೊಳ್ಳೆಯ ಹೊಗೆಗೂ ಬಳಕೆಯಾಗುವ ರಾಸಾಯನಿಕ.

ಹೊರಗಿನ ಜಗತ್ತಿನಲ್ಲೂ ಇದೇ ಮಾತು. ಕ್ಯಾಲಿಫೋರ್ನಿಯಾದ ಟೈರೋನ್ ಹೇಯ್ಸ್ 2002ರಲ್ಲಿ ಅಟ್ರಜೀನ್ ಎಂಬ ಕಳೆನಾಶಕ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಗಂಡು ಕಪ್ಪೆಗಳ ಲೈಂಗಿಕ ಅಂಗಗಳನ್ನು ಕೆಡಿಸುತ್ತದೆ ಎಂದು ತೋರಿಸಿದರು. 2010ರ ಅವರ ಪ್ರಯೋಗದಲ್ಲಿ ಹತ್ತರಲ್ಲಿ ಒಂದು ಗಂಡು ಮೊಟ್ಟೆ ಇಡುವ ಹೆಣ್ಣೇ ಆಗಿಬಿಟ್ಟಿತ್ತು. ತಯಾರಕರು ಇದನ್ನು ಒಪ್ಪಲಿಲ್ಲ. ವಿವಾದ ವರ್ಷಗಟ್ಟಲೆ ನಡೆಯಿತು. ಜರ್ಮನಿಯ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ನೇರವಾದದ್ದು. ಮಾರುಕಟ್ಟೆಯಲ್ಲಿದ್ದ ಕೀಟನಾಶಕ, ಶಿಲೀಂಧ್ರನಾಶಕ, ಕಳೆನಾಶಕಗಳನ್ನು ಚೀಟಿಯಲ್ಲಿ ಬರೆದ ಪ್ರಮಾಣದಲ್ಲೇ ಎಳೆಯ ಕಪ್ಪೆಗಳ ಮೇಲೆ ಸಿಂಪಡಿಸಿದರು. ಒಂದರಲ್ಲಿ ಗಂಟೆಯೊಳಗೆ ಎಲ್ಲವೂ ಸತ್ತವು. ಕಡಿಮೆ ಎಂದರೂ ಏಳು ದಿನಗಳಲ್ಲಿ ನೂರಕ್ಕೆ ನಲವತ್ತು ಸತ್ತವು. ರೈತ ತಪ್ಪಿ ಹೆಚ್ಚು ಹೊಡೆದ, ಅದಕ್ಕೇ ಹೀಗಾಯಿತು ಎಂಬ ಸಮಾಧಾನಕ್ಕೂ ಅಲ್ಲಿ ಜಾಗವಿಲ್ಲ.

ಹಾಗೆಂದು ಕಪ್ಪೆ ಸತ್ತಲ್ಲೆಲ್ಲ ಕೀಟನಾಶಕವನ್ನೇ ಬೈಯುವಂತಿಲ್ಲ. ಹಂದಿಗೋಡಿನ ಪಾಠ ಇಲ್ಲಿಯೂ ನೆನಪಿರಬೇಕು. ಅಮೆರಿಕದ ಮಿನ್ನೆಸೋಟದಲ್ಲಿ 1995ರಲ್ಲಿ ಶಾಲಾ ಮಕ್ಕಳು ಕಾಲು ಊನವಾದ ಕಪ್ಪೆಗಳನ್ನು ಕಂಡಾಗ ಎಲ್ಲರ ಬೆರಳೂ ರಾಸಾಯನಿಕದ ಕಡೆ ತಿರುಗಿತು. ಅಂಥ ಊನಗಳ ಹಿಂದೆ ಹಲವೆಡೆ ಒಂದು ಪರಾವಲಂಬಿ ಹುಳು ಇದೆ ಎಂಬುದು ಆಮೇಲೆ ತಿಳಿಯಿತು. ಕೀಟನಾಶಕ ಕಪ್ಪೆಯ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ ಆ ಹುಳುವಿಗೆ ದಾರಿ ಮಾಡಿಕೊಡುತ್ತದೆ ಎಂಬುದು ಇನ್ನೂ ಆಮೇಲೆ. ಕೈಟ್ರಿಡ್ ಎಂಬ ಶಿಲೀಂಧ್ರ ಹಲವು ದೇಶಗಳಲ್ಲಿ ಕಪ್ಪೆಗಳ ಸಂತತಿಯನ್ನೇ ಅಳಿಸಿದೆ. ಕಾಡು, ಜೌಗು ಹೋದದ್ದು ಎಲ್ಲಕ್ಕಿಂತ ದೊಡ್ಡ ಹೊಡೆತ. 2023ರ ಜಾಗತಿಕ ಲೆಕ್ಕದಂತೆ ನೂರರಲ್ಲಿ 41 ಉಭಯವಾಸಿ ಪ್ರಭೇದಗಳು ಅಪಾಯದಲ್ಲಿವೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಷ್ಟು ಕಷ್ಟದಲ್ಲಿರುವ ಇನ್ನೊಂದು ವರ್ಗವಿಲ್ಲ.

ವೃಷಭಾವತಿಯ ದಡಕ್ಕೆ ಮರಳಿ

ನಮ್ಮ ಪಶ್ಚಿಮ ಬೆಂಗಳೂರಿಗೆ ಬರೋಣ. ಇಲ್ಲಿ ಕಪ್ಪೆ ಮೌನವಾದದ್ದಕ್ಕೆ ಮೊದಲ ಕಾರಣ ಔಷಧಿಯಲ್ಲ, ನೀರು ನಿಲ್ಲಲು ಜಾಗವಿಲ್ಲದ್ದು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಅದೇ ಹಾದಿಯಲ್ಲಿ ಬಡಾವಣೆಗಳ ಸಣ್ಣಪುಟ್ಟ ಕಟ್ಟೆಗಳೂ ಹೋದವು. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದಳೆಂದು ಜನ ನಂಬುವ ವೃಷಭಾವತಿ, ಗಾಳಿ ಆಂಜನೇಯನ ಗುಡಿ ದಾಟಿ ಕೆಂಗೇರಿ ಸೇರುವಷ್ಟರಲ್ಲಿ ಊರಿನ ಕೊಳಚೆಯನ್ನೂ ಕಾರ್ಖಾನೆಗಳ ಕಶ್ಮಲವನ್ನೂ ಹೊತ್ತು ನೊರೆಯಾಗಿರುತ್ತಾಳೆ. ಆ ನೀರು ಬೈರಮಂಗಲ ಕೆರೆಗೆ ಹೋಗಿ, ಅಲ್ಲಿಂದ ಹೊಲಗಳಿಗೆ ಹರಿದು, ತರಕಾರಿಯಾಗಿ ನಮ್ಮಲ್ಲಿಗೇ ವಾಪಸು ಬರುತ್ತದೆ.

ಉಳಿದ ಅಲ್ಪಸ್ವಲ್ಪ ಕಪ್ಪೆಗಳ ಮೇಲೆ ಔಷಧಿಯ ಹೊರೆ ಬೀಳುತ್ತದೆ. ಚರಂಡಿಗೆ ಸುರಿಯುವ ಲಾರ್ವಾನಾಶಕ, ಸಂಜೆಯ ಹೊಗೆ, ಮನೆ ಕಟ್ಟುವಾಗ ಅಡಿಪಾಯಕ್ಕೆ ಬಿಡುವ ಗೆದ್ದಲು ಔಷಧಿ, ಉದ್ಯಾನದ ಗುಲಾಬಿಗೆ ಹೊಡೆಯುವ ಸ್ಪ್ರೇ ಎಲ್ಲವೂ ಮಳೆಯ ಜೊತೆ ಒಂದೇ ಮೋರಿಗೆ ಇಳಿಯುತ್ತವೆ. ಡೆಂಗಿಯಿಂದ ಮಗು ಆಸ್ಪತ್ರೆಯಲ್ಲಿರುವಾಗ ಸೊಳ್ಳೆ ಕೊಲ್ಲಬೇಡಿ ಎಂದು ಯಾರೂ ಹೇಳಲಾರರು. ಆದರೆ ಡೆಂಗಿಯ ಸೊಳ್ಳೆ ಹುಟ್ಟುವುದು ಮನೆಯ ಡ್ರಮ್ಮು, ಹೂಕುಂಡ, ಹಳೆಯ ಟೈರುಗಳಲ್ಲಿ ನಿಂತ ನೀರಿನಲ್ಲಿ ಎಂದು ಆರೋಗ್ಯ ಇಲಾಖೆಯೇ ಸಾರುತ್ತದೆ. ಆ ನೀರನ್ನು ವಾರಕ್ಕೊಮ್ಮೆ ಚೆಲ್ಲುವುದು ಹೊಗೆಗಿಂತ ಅಗ್ಗ, ಹೊಗೆಗಿಂತ ಗಟ್ಟಿ ಉಪಾಯ. ಹೊಗೆ ಹಾಯ್ದದ್ದನ್ನು ನೋಡಿ ನಾವು ನೆಮ್ಮದಿಯಾಗುತ್ತೇವೆ. ಡ್ರಮ್ಮು ಹಾಗೆಯೇ ತುಂಬಿರುತ್ತದೆ.

ಭರವಸೆಗೆ ಕಾರಣವೇ ಇಲ್ಲವೆಂದಲ್ಲ. 2020ರಲ್ಲಿ ನಗರದ ಹೊರವಲಯದ ರಾಜಾನುಕುಂಟೆಯ ಬಯಲಿನಲ್ಲಿ ವಿಜ್ಞಾನಕ್ಕೆ ಹೊಸದಾದ, ನೆಲ ತೋಡಿ ಅಡಗುವ ಕಪ್ಪೆಯೊಂದನ್ನು ಸಂಶೋಧಕರು ಗುರುತಿಸಿದರು. ಅದಕ್ಕೆ ಸ್ಫೇರೋಥೀಕಾ ಬೆಂಗಳೂರು ಎಂದು ಈ ಊರಿನ ಹೆಸರನ್ನೇ ಇಟ್ಟರು. ಇಷ್ಟು ದೊಡ್ಡ ಊರಿನ ಅಂಚಿನಲ್ಲಿ ಇಷ್ಟು ಕಾಲ ಇದ್ದ ಕಪ್ಪೆ ಯಾರ ಲೆಕ್ಕದಲ್ಲೂ ಇರಲಿಲ್ಲ. ಲೆಕ್ಕಕ್ಕೆ ಬರುವ ಮೊದಲೇ ಹೋದವು ಎಷ್ಟೋ.

ಪಡ್ರೆಯವರಿಗೆ ದಕ್ಕದೇ ಹೋದದ್ದು ಇದೇ ಲೆಕ್ಕ. ಅದನ್ನು ಇಡಲು ದೊಡ್ಡ ವಿದ್ಯೆಯೇನೂ ಬೇಕಿಲ್ಲ. ಮುಂದಿನ ಮುಂಗಾರಿನಲ್ಲಿ ಕೆಂಗೇರಿ, ಉಲ್ಲಾಳು, ಮಲ್ಲತ್ತಹಳ್ಳಿ ಕೆರೆಗಳ ಏರಿಯ ಮೇಲೆ, ಜ್ಞಾನಭಾರತಿಯ ಮರಗಳ ನಡುವೆ, ಮಳೆ ನಿಂತ ಅರ್ಧ ಗಂಟೆಯ ಮೇಲೆ ಒಮ್ಮೆ ಸುಮ್ಮನೆ ನಿಂತು ನೋಡಿ. ಕಪ್ಪೆ ಕೂಗಿದರೆ ತಾರೀಖು, ಜಾಗ, ಹೊತ್ತು ಬರೆದಿಡಿ. ಮಕ್ಕಳಿದ್ದರೆ ಅವರ ಕೈಯಲ್ಲೇ ಬರೆಸಿ. ಕೂಗದಿದ್ದರೆ ಅದನ್ನೂ ಬರೆದಿಡಿ.